ರ‍್ಯಾಂಕ್ ವಿದ್ಯಾರ್ಥಿಯದೋ, ಕಾಲೇಜಿನದೋ?

ಶಿವಮೊಗ್ಗದಿಂದ ಸವಳಂಗ ರಸ್ತೆ ಹಿಡಿದು ಹೊರಟರೆ ಊರು ಮುಗಿಯುವ ಮೊದಲೇ ನವುಲೆ ಸಿಗುತ್ತದೆ. ಒಂದು ಕಾಲಕ್ಕೆ ಪೇಟೆಯಿಂದ ಹೊರಗಿದ್ದ ಈ ಹಳ್ಳಿ ಈಗ ನಗರದೊಳಗೇ ಸೇರಿಹೋಗಿದೆ. ಹೊರಊರಿನವರಿಗೆ ನವುಲೆಯ ಹೆಸರು ಗೊತ್ತಿರುವುದು ಕ್ರಿಕೆಟ್ ಮೈದಾನದಿಂದ ಇಲ್ಲವೇ ಎರಡು ಕಾಲೇಜುಗಳಿಂದ. ನ್ಯಾಷನಲ್ ಎಜುಕೇಷನ್ ಸೊಸೈಟಿಯವರು 1980ರಲ್ಲಿ ಆರಂಭಿಸಿದ ಜವಾಹರಲಾಲ್ ನೆಹರೂ ರಾಷ್ಟ್ರೀಯ ಎಂಜಿನಿಯರಿಂಗ್ ಕಾಲೇಜು ಒಂದು. 1990ರಲ್ಲಿ ಆರಂಭವಾದ ಕೃಷಿ ಕಾಲೇಜು ಇನ್ನೊಂದು.

ಈ ಎರಡು ಕಾಲೇಜುಗಳ ಹಳೆಯ ವಿದ್ಯಾರ್ಥಿಗಳೆಲ್ಲ ತಮ್ಮ ಪದವಿ ಪತ್ರಗಳನ್ನು ಒಂದೇ ಮೇಜಿನ ಮೇಲೆ ಹರಡಿದರೆ ಒಂದು ವಿಚಿತ್ರ ಕಾಣಸಿಗುತ್ತದೆ. ಎಂಜಿನಿಯರಿಂಗ್ ಕಾಲೇಜಿನಿಂದ ಮೊದಲು ಹೊರಬಂದವರ ಪತ್ರದ ಮೇಲೆ ಮೈಸೂರು ವಿಶ್ವವಿದ್ಯಾನಿಲಯದ ಹೆಸರಿದೆ. 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯ ಹುಟ್ಟಿದ ಮೇಲೆ ಅದರ ಹೆಸರು ಬಂತು. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯ ಸ್ಥಾಪನೆಯಾಗಿ ಅದರ ಮುದ್ರೆ ಬಿತ್ತು. ಕೃಷಿ ಕಾಲೇಜಿನದೂ ಇದೇ ಕಥೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಅಂಗವಾಗಿದ್ದ ಅದು, ಶಿವಮೊಗ್ಗಕ್ಕೇ ಪ್ರತ್ಯೇಕ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾನಿಲಯ ಬಂದ ಮೇಲೆ 2013ರ ಹೊತ್ತಿಗೆ ಅದರ ತೆಕ್ಕೆಗೆ ಸೇರಿತು. ಮುಂದೆ ಆ ವಿಶ್ವವಿದ್ಯಾನಿಲಯಕ್ಕೆ ಕೆಳದಿ ಶಿವಪ್ಪ ನಾಯಕನ ಹೆಸರಿಡಲಾಯಿತು. ಕಟ್ಟಡ ಅಲ್ಲೇ ಇತ್ತು, ಗದ್ದೆ ಅಲ್ಲೇ ಇತ್ತು, ಪಾಠ ಹೇಳುವವರಲ್ಲೂ ಬಹಳ ಮಂದಿ ಅವರೇ. ಬದಲಾದದ್ದು ಬೋರ್ಡು.

ಬೋರ್ಡಿಗೂ ಒಳಗಿನ ಪಾಠಕ್ಕೂ ಇರುವ ಈ ಅಂತರ ವರ್ಷಕ್ಕೊಮ್ಮೆ ಶಿವಮೊಗ್ಗ, ಭದ್ರಾವತಿಗಳ ಸಾವಿರಾರು ಮನೆಗಳಲ್ಲಿ ಚರ್ಚೆಯ ವಸ್ತುವಾಗುತ್ತದೆ. ಸಿಇಟಿ ಫಲಿತಾಂಶ ಬಂದ ವಾರದಲ್ಲಿ ಅಪ್ಪ, ಅಮ್ಮ, ಬೆಂಗಳೂರಿನಲ್ಲಿರುವ ಸೋದರಮಾವ, ಟ್ಯೂಷನ್ ಮೇಷ್ಟ್ರು ಎಲ್ಲರೂ ಸೇರಿ ಒಂದು ಪಟ್ಟಿ ಹಿಡಿದು ಕೂರುತ್ತಾರೆ. ಬೆಂಗಳೂರಿನ ಹೆಸರುವಾಸಿ ಕಾಲೇಜಿನಲ್ಲಿ ಬೇಡದ ಬ್ರಾಂಚೋ, ಮನೆಯಿಂದಲೇ ಹೋಗಿಬರುವ ಕಾಲೇಜಿನಲ್ಲಿ ಬೇಕಾದ ಬ್ರಾಂಚೋ? ಇನ್ನೂ ಮೇಲಿನ ಅಂಕ ಪಡೆದವರ ಮನೆಯಲ್ಲಿ ಪ್ರಶ್ನೆ ಸುರತ್ಕಲ್ಲೋ, ಐಐಟಿಯೋ ಎಂದು. ಎಂಜಿನಿಯರಿಂಗ್ ಮುಗಿಸಿ ಎಂ.ಎಸ್.ಗೆ ಹೊರಟವರ ಮನೆಯಲ್ಲಿ ಅಮೆರಿಕದ ಆ ವಿಶ್ವವಿದ್ಯಾನಿಲಯವೋ ಈ ವಿಶ್ವವಿದ್ಯಾನಿಲಯವೋ ಎಂದು. ಎಲ್ಲ ಕಡೆಯೂ ಕೊನೆಗೆ ಯಾರೋ ಒಬ್ಬರು ಕೇಳುವ ಮಾತು ಒಂದೇ: ‘ಅದರ ರ‍್ಯಾಂಕ್ ಎಷ್ಟು?’

ನಮ್ಮಲ್ಲಿ ರ‍್ಯಾಂಕ್ ಎಂಬ ಮಾತು ಮೊದಲು ಅಂಟಿಕೊಂಡದ್ದು ವಿದ್ಯಾರ್ಥಿಗೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ ಪುಣೆಗೆ ಹೋದ ಎಂ. ವಿಶ್ವೇಶ್ವರಯ್ಯನವರು 1883ರ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾದರು. ಅದರ ಬಲದಿಂದ ಮುಂಬಯಿ ಸರ್ಕಾರದಲ್ಲಿ ಕೆಲಸ ಸಿಕ್ಕಿತು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಹೊಣೆ ಹೊತ್ತವರೂ ಅವರೇ. ಪುಣೆಯ ಆ ಕಾಲೇಜು ದೇಶದಲ್ಲಿ ಎಷ್ಟನೆಯದು ಎಂದು ಯಾರೂ ಕೇಳಲಿಲ್ಲ. ಕೇಳಲು ಅಂಥ ಪಟ್ಟಿಯೇ ಇರಲಿಲ್ಲ. ಮೊನ್ನೆಮೊನ್ನೆಯವರೆಗೂ ರ‍್ಯಾಂಕ್ ಎಂದರೆ ಪತ್ರಿಕೆಯ ಮುಖಪುಟದಲ್ಲಿ ಅಂಚೆಚೀಟಿಯಷ್ಟು ಗಾತ್ರದ ಫೋಟೊ, ಬಾಯಿಗೆ ಸಿಹಿ ಇಡುತ್ತಿರುವ ತಾಯಿ. ಅದು ಮಗುವಿನ ರ‍್ಯಾಂಕ್, ಶಾಲೆಯದಲ್ಲ.

ಈ ಮಾತು ಕಾಲೇಜಿನ ಕಡೆ ಹೊರಳಿದ್ದು ಹೇಗೆಂಬುದನ್ನು ಕರ್ನಾಟಕದ ಮಟ್ಟಿಗೆ ಎರಡು ಇಸವಿಗಳಿಂದ ವಿವರಿಸಬಹುದು. ಮೊದಲನೆಯದು 1994. ಅದಕ್ಕೂ ಮೊದಲು ಖಾಸಗಿ ಕಾಲೇಜುಗಳ ಪ್ರತಿಷ್ಠೆಯನ್ನು ಡೊನೇಷನ್ನಿನ ಮೊತ್ತದಿಂದ ಅಳೆಯುವ ರೂಢಿಯಿತ್ತು ಎಂದರೆ ಹಳಬರು ಇಲ್ಲವೆನ್ನಲಾರರು. 1984ರಲ್ಲೇ ಕ್ಯಾಪಿಟೇಷನ್ ನಿಷೇಧ ಕಾಯ್ದೆ ಬಂದಿದ್ದರೂ ವಿವಾದ ನಿಂತಿರಲಿಲ್ಲ. 1992ರಲ್ಲಿ ಕರ್ನಾಟಕದ್ದೇ ಮೋಹಿನಿ ಜೈನ್ ಪ್ರಕರಣ, 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದವು. ಮರುವರ್ಷ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿಇಟಿ, ಆರಂಭವಾಯಿತು. ಹಣವಿಲ್ಲದ ಮನೆಯ ಹುಡುಗನೂ ಅಂಕದ ಬಲದಿಂದ ದೊಡ್ಡ ಕಾಲೇಜಿನ ಬಾಗಿಲು ದಾಟುವಂತಾಯಿತು. ಜೊತೆಗೆ ಮತ್ತೊಂದೂ ಆಯಿತು. ಯಾವ ಕಾಲೇಜಿನ ಯಾವ ಬ್ರಾಂಚ್ ಎಷ್ಟನೇ ರ‍್ಯಾಂಕಿಗೆ ಮುಗಿಯಿತು ಎಂಬ ಅಂಕಿ ಎಲ್ಲರ ಕೈಗೂ ಸಿಕ್ಕಿತು. ಅದೇ ‘ಕಟ್‌ಆಫ್’.

ಎರಡನೆಯ ಇಸವಿ 1998. ಅಲ್ಲಿಯತನಕ ಎಂಜಿನಿಯರಿಂಗ್ ಪದವೀಧರ ಮೈಸೂರಿನವನೋ, ಬೆಂಗಳೂರಿನವನೋ, ಕುವೆಂಪು ವಿಶ್ವವಿದ್ಯಾನಿಲಯದವನೋ ಎಂಬ ಗುರುತಿತ್ತು. ತಾಂತ್ರಿಕ ವಿಶ್ವವಿದ್ಯಾನಿಲಯ ಬಂದ ಮೇಲೆ ರಾಜ್ಯದ ಬಹುತೇಕ ಎಂಜಿನಿಯರಿಂಗ್ ಕಾಲೇಜುಗಳಿಗೆ ಒಂದೇ ಪಠ್ಯ, ಒಂದೇ ಪ್ರಶ್ನೆಪತ್ರಿಕೆ, ಒಂದೇ ಪದವಿ. ಎಲ್ಲರೂ ಸಮನಾದರು ಎಂದುಕೊಳ್ಳುವಷ್ಟರಲ್ಲಿ ಉಲ್ಟಾ ಆಯಿತು. ಪದವಿ ಒಂದೇ ಆದಾಗ ವ್ಯತ್ಯಾಸ ತೋರಿಸಲು ಉಳಿದದ್ದು ಕಾಲೇಜಿನ ಹೆಸರು ಮಾತ್ರ. ಹೆಸರನ್ನು ಅಳೆಯಲು ಕೈಯಲ್ಲಿದ್ದ ಕೋಲು ಕಟ್‌ಆಫ್ ಮಾತ್ರ. ಒಳ್ಳೆಯ ಅಂಕದವರು ಹೋಗುವ ಕಡೆಗೆ ಒಳ್ಳೆಯ ಕಂಪನಿಗಳು ಬರುತ್ತವೆ, ಕಂಪನಿಗಳು ಬರುವ ಕಡೆಗೆ ಮರುವರ್ಷ ಒಳ್ಳೆಯ ಅಂಕದವರು ಹೋಗುತ್ತಾರೆ. ಮಧ್ಯದಲ್ಲಿ ತರಗತಿಯಲ್ಲಿ ಪಾಠ ನಡೆಯಿತೇ, ಹೇಗೆ ನಡೆಯಿತು ಎಂಬುದು ಈ ಲೆಕ್ಕಕ್ಕೆ ಬೇಕಾಗಿಯೇ ಇಲ್ಲ. ಒಂದು ಕಾಲೇಜಿನ ಕಟ್‌ಆಫ್ ಹೇಳುವುದು ಒಳಗೆ ಹೋದವರು ಎಂಥವರು ಎಂಬುದನ್ನು. ಹೋದ ಮೇಲೆ ಅವರಿಗೆ ಏನಾಯಿತು ಎಂಬುದನ್ನಲ್ಲ.

ಹೊರ ಜಗತ್ತಿನಲ್ಲೂ ಪಟ್ಟಿಗಳ ಚರಿತ್ರೆ ಬಹಳ ಹಳೆಯದೇನಲ್ಲ. ಅಮೆರಿಕದ ‘ಯು.ಎಸ್. ನ್ಯೂಸ್’ ವಾರಪತ್ರಿಕೆ 1983ರಲ್ಲಿ ಮೊದಲ ಪಟ್ಟಿ ಮಾಡಿದಾಗ ವಿಧಾನ ಸರಳವಾಗಿತ್ತು: ಕಾಲೇಜುಗಳ ಅಧ್ಯಕ್ಷರನ್ನೇ ‘ಯಾವುದು ಚೆನ್ನಾಗಿದೆ’ ಎಂದು ಕೇಳಿತು. 2003ರಲ್ಲಿ ಚೀನಾದ ಶಾಂಘೈ ಜಿಯಾವೊ ಟಾಂಗ್ ವಿಶ್ವವಿದ್ಯಾನಿಲಯ ಜಾಗತಿಕ ಪಟ್ಟಿ ಹೊರಡಿಸಿತು. ಚೀನಾದ ವಿಶ್ವವಿದ್ಯಾನಿಲಯಗಳು ಉಳಿದವರಿಗಿಂತ ಎಷ್ಟು ಹಿಂದಿವೆ ಎಂದು ತಿಳಿಯುವುದು ಅದರ ಉದ್ದೇಶ. ವಿದ್ಯಾರ್ಥಿಗಳಿಗೆ ದಾರಿ ತೋರಿಸುವ ಯೋಚನೆ ಆಗ ಅದಕ್ಕಿರಲಿಲ್ಲ. ಮರುವರ್ಷ ಬ್ರಿಟನ್ನಿನ ಟೈಮ್ಸ್ ಉನ್ನತ ಶಿಕ್ಷಣ ಪತ್ರಿಕೆ ಮತ್ತು ಕ್ಯೂಎಸ್ ಸಂಸ್ಥೆ ಕೂಡಿ ಇನ್ನೊಂದು ಪಟ್ಟಿ ತಂದವು. 2009ರ ನಂತರ ಬೇರೆಯಾಗಿ ಒಂದಿದ್ದದ್ದು ಎರಡಾಯಿತು. ಭಾರತ ಸರ್ಕಾರ 2015ರಲ್ಲಿ ಎನ್‌ಐಆರ್‌ಎಫ್ ಎಂಬ ತನ್ನದೇ ವ್ಯವಸ್ಥೆ ಘೋಷಿಸಿತು. ಅದರ ಮೊದಲ ಪಟ್ಟಿ ಬಂದದ್ದು 2016ರಲ್ಲಿ.

ಈ ಪಟ್ಟಿಗಳಿಂದ ಎಂಥ ಗೊಂದಲ ಹುಟ್ಟಬಹುದು ಎಂಬುದಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. 1909ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಎನ್‌ಐಆರ್‌ಎಫ್‌ನ ವಿಶ್ವವಿದ್ಯಾನಿಲಯ ವಿಭಾಗದಲ್ಲಿ ಮೊದಲ ವರ್ಷದಿಂದಲೂ ಮೊದಲನೆಯದು. 2021ರಲ್ಲಿ ಹೊರಬಂದ ಜಾಗತಿಕ ಪಟ್ಟಿಗಳಲ್ಲಿ ಅದಕ್ಕೆ ಕ್ಯೂಎಸ್ ಕೊಟ್ಟ ಸ್ಥಾನ 186. ಟೈಮ್ಸ್ ಕೊಟ್ಟದ್ದು 301ರಿಂದ 350ರ ನಡುವೆ. ಶಾಂಘೈ ಕೊಟ್ಟದ್ದು 401ರಿಂದ 500ರ ನಡುವೆ. ವರ್ಷ ಒಂದೇ, ಸಂಸ್ಥೆ ಒಂದೇ, ಮರಗಳ ನೆರಳೂ ಒಂದೇ. ಬೇರೆಯಾದದ್ದು ಅಳತೆಗೋಲು. ಕ್ಯೂಎಸ್‌ನಲ್ಲಿ ಆಗ 100ಕ್ಕೆ 40 ಅಂಕ ಪ್ರಾಧ್ಯಾಪಕರ ಅಭಿಪ್ರಾಯ ಸಮೀಕ್ಷೆಗೆ, 10 ಅಂಕ ಉದ್ಯೋಗದಾತರ ಅಭಿಪ್ರಾಯಕ್ಕೆ. ಅಂದರೆ ಅರ್ಧದಷ್ಟು ಅಂಕ ‘ಜನ ಏನೆನ್ನುತ್ತಾರೆ’ ಎಂಬುದಕ್ಕೇ ಮೀಸಲು. ಅಧ್ಯಾಪಕರೊಬ್ಬರ ಸಂಶೋಧನೆಯನ್ನು ಸರಾಸರಿ ಎಷ್ಟು ಜನ ಉಲ್ಲೇಖಿಸುತ್ತಾರೆ ಎಂಬ ಕಾಲಮ್ಮಿನಲ್ಲಿ ಅದೇ ವರ್ಷ ಬೆಂಗಳೂರಿನ ಸಂಸ್ಥೆಗೆ 100ಕ್ಕೆ 100 ಬಂದಿತ್ತು. ಅಭಿಪ್ರಾಯದ ಕಾಲಮ್ಮಿನಲ್ಲಿ ಅದು ಹಿಂದೆ ಬಿತ್ತು.

ಶಾಂಘೈ ಪಟ್ಟಿಯಲ್ಲಿ ನೊಬೆಲ್ ಮತ್ತು ಫೀಲ್ಡ್ಸ್ ಪ್ರಶಸ್ತಿಗಳಿಗೆ 30 ಅಂಕ: ಪಡೆದವರು ಅಲ್ಲಿ ಓದಿದ್ದರೆ 10, ಅಲ್ಲಿ ಕೆಲಸ ಮಾಡುತ್ತಿದ್ದರೆ 20. ಆದರೆ ಪ್ರಶಸ್ತಿ ಬಂದ ಸಮಯದಲ್ಲಿ ಅವರು ಎಲ್ಲಿದ್ದರು ಎಂಬುದಷ್ಟೇ ಲೆಕ್ಕಕ್ಕೆ. ಸಿ.ವಿ. ರಾಮನ್ ಅವರು 1933ರಲ್ಲಿ ಬೆಂಗಳೂರಿಗೆ ಬಂದು 15 ವರ್ಷ ಈ ಸಂಸ್ಥೆಯಲ್ಲಿದ್ದರೂ ಪ್ರಶಸ್ತಿ ಬಂದದ್ದು 1930ರಲ್ಲಿ, ಕಲ್ಕತ್ತಾದಲ್ಲಿದ್ದಾಗ. ಹಾಗಾಗಿ ಬೆಂಗಳೂರಿಗೆ ಅಂಕವಿಲ್ಲ. ಇದನ್ನು ಅನ್ಯಾಯವೆನ್ನುವಂತಿಲ್ಲ, ನಿಯಮ ನಿಯಮವೇ. ಆದರೆ ಇಂದು ಎಂ.ಟೆಕ್.ಗೆ ಸೇರಬೇಕೆಂದಿರುವ ಹುಡುಗಿಗೆ ಈ ಲೆಕ್ಕದಿಂದ ಆಗಬೇಕಾದ್ದೇನು ಎಂಬುದು ಬೇರೆ ಮಾತು.

ನಮ್ಮ ಎನ್‌ಐಆರ್‌ಎಫ್ ಇದಕ್ಕಿಂತ ಹತ್ತಿರದ್ದು, ಆದ್ದರಿಂದ ಅದನ್ನು ಬಿಡಿಸಿ ನೋಡುವುದು ಒಳ್ಳೆಯದು. ಎಂಜಿನಿಯರಿಂಗ್ ಕಾಲೇಜುಗಳಿಗೆ ಬೋಧನೆ, ಕಲಿಕೆ ಮತ್ತು ಸಂಪನ್ಮೂಲಕ್ಕೆ 30 ಅಂಕ, ಸಂಶೋಧನೆಗೆ 30, ಪದವೀಧರರ ಫಲಿತಾಂಶಕ್ಕೆ 20, ಎಲ್ಲರನ್ನೂ ಒಳಗೊಳ್ಳುವುದಕ್ಕೆ 10, ಹೊರಗಿನವರ ಅಭಿಪ್ರಾಯಕ್ಕೆ 10. ಬೋಧನೆಗೆ 30 ಎಂದಾಕ್ಷಣ ಯಾರೋ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ಪಾಠ ಕೇಳಿ ಅಂಕ ಹಾಕುತ್ತಾರೆ ಎಂದುಕೊಳ್ಳಬೇಕಾಗಿಲ್ಲ. ಅಲ್ಲಿ ಎಣಿಸುವುದು ವಿದ್ಯಾರ್ಥಿಗಳೆಷ್ಟು, ಅವರಿಗೆ ತಕ್ಕಷ್ಟು ಅಧ್ಯಾಪಕರಿದ್ದಾರೆಯೇ, ಎಷ್ಟು ಮಂದಿಗೆ ಪಿಎಚ್.ಡಿ. ಮತ್ತು ಅನುಭವವಿದೆ, ಖರ್ಚೆಷ್ಟು ಎಂಬುದನ್ನು. ಅಂಕಿ ಕೊಡುವವರು ಕಾಲೇಜಿನವರೇ. ಸಂಶೋಧನೆಯ 30 ಅಂಕ ಪ್ರಬಂಧ, ಉಲ್ಲೇಖ, ಪೇಟೆಂಟ್, ಯೋಜನೆಗಳಿಂದ ಬರುತ್ತದೆ. ಬಿ.ಇ. ಓದಿ ಕೆಲಸಕ್ಕೆ ಹೋಗುವ ಹುಡುಗನಿಗೆ ಅದರ ಪ್ರಯೋಜನ ಪರೋಕ್ಷ. ಪ್ರಬಂಧಗಳ ಸಂಖ್ಯೆಗೆ ಅಂಕವಿದ್ದ ಮೇಲೆ ಪ್ರಬಂಧಗಳ ಸುಗ್ಗಿಯಾಗುವುದು ಸಹಜವೇ. ದೋಷ ಕಂಡು ಹಿಂತೆಗೆದುಕೊಂಡ ಪ್ರಬಂಧಗಳಿಗೆ ಅಂಕ ಕಳೆಯುವ ಕ್ರಮ 2025ರ ಪಟ್ಟಿಯಿಂದ ಜಾರಿಗೆ ಬಂತು.

ಒಳಗೊಳ್ಳುವಿಕೆಯ 10 ಅಂಕದಲ್ಲಿ ಮಹಿಳೆಯರಿಗೆ, ಬಡ ಮತ್ತು ಹಿಂದುಳಿದ ವರ್ಗದವರಿಗೆ, ಅಂಗವಿಕಲರ ಸೌಲಭ್ಯಕ್ಕೆ ಪಾಲಿದೆ. ಇದು ಮೆಚ್ಚಬೇಕಾದ್ದು. ಆದರೆ ಹೊರ ರಾಜ್ಯ, ಹೊರ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗೂ ಅದರಲ್ಲಿ 3 ಅಂಕವಿದೆ. ತೀರ್ಥಹಳ್ಳಿ, ಸೊರಬ, ಶಿಕಾರಿಪುರದ ಮಕ್ಕಳಿಗಾಗಿ ಜಿಲ್ಲಾ ಕೇಂದ್ರದಲ್ಲಿ ಕಟ್ಟಿದ ಕಾಲೇಜು ಆ ಮಕ್ಕಳಿಂದಲೇ ತುಂಬಿದ್ದರೆ ಅಷ್ಟರಮಟ್ಟಿಗೆ ಅಂಕ ಕಡಿಮೆ! ಇನ್ನು ಎಂಜಿನಿಯರಿಂಗ್ ಪಟ್ಟಿಯಲ್ಲಿ ಬಿಡಿಬಿಡಿಯಾಗಿ ಸ್ಥಾನ ಸಿಗುವುದು ಇಡೀ ದೇಶಕ್ಕೆ ಮೊದಲ 100ಕ್ಕೆ. ಆಮೇಲಿನವರನ್ನು 101ರಿಂದ 150, 151ರಿಂದ 200 ಎಂದು ಗುಂಪಾಗಿ ನಿಲ್ಲಿಸುತ್ತಾರೆ. 2024ರ ಪಟ್ಟಿ 300ಕ್ಕೆ ಮುಗಿದಿತ್ತು. ದೇಶದ ಸಾವಿರಾರು ಕಾಲೇಜುಗಳಲ್ಲಿ ಉಳಿದವು ಅದರಲ್ಲಿ ಇಲ್ಲವೇ ಇಲ್ಲ. ಇಲ್ಲವೆಂದರೆ ಕೆಟ್ಟದ್ದು ಎಂದಲ್ಲ, ಈ ಕೋಲು ಅಲ್ಲಿಯವರೆಗೆ ಮುಟ್ಟುವುದಿಲ್ಲ ಎಂದು.

ಪಟ್ಟಿಯಲ್ಲಿ ಇರುವವರ ಗತಿಯೂ ಸ್ಥಿರವಲ್ಲ. 1960ರಲ್ಲಿ ಕೆಆರ್‌ಇಸಿ ಎಂದು ಆರಂಭವಾಗಿ 2002ರಲ್ಲಿ ಎನ್‌ಐಟಿಯಾದ ಸುರತ್ಕಲ್‌ನ ಸಂಸ್ಥೆ ಎಂಜಿನಿಯರಿಂಗ್ ವಿಭಾಗದಲ್ಲಿ 2022ರಲ್ಲಿ 10ನೇ ಸ್ಥಾನದಲ್ಲಿತ್ತು, 2023ರಲ್ಲಿ 12ನೇ ಸ್ಥಾನಕ್ಕೆ, 2024ರಲ್ಲಿ 17ಕ್ಕೆ ಹೋಯಿತು. ಎರಡು ವರ್ಷದಲ್ಲಿ ಅಲ್ಲಿನ ಪಾಠ ಏಳು ಮೆಟ್ಟಿಲು ಇಳಿಯಿತು ಎಂದರೆ ಅಲ್ಲಿ ಓದಿದವರು ನಕ್ಕಾರು. ಪಟ್ಟಿಯ ಮಧ್ಯದಲ್ಲಿ ಕಾಲೇಜುಗಳ ಅಂಕಗಳು ಒತ್ತೊತ್ತಾಗಿರುತ್ತವೆ. ಒಂದೆರಡು ಅಂಕದ ವ್ಯತ್ಯಾಸ ಹಲವು ಸ್ಥಾನಗಳ ವ್ಯತ್ಯಾಸವಾಗಿ ಕಾಣುತ್ತದೆ. ಆದ್ದರಿಂದ 12ಕ್ಕೂ 17ಕ್ಕೂ ನಡುವೆ ಆಯ್ಕೆ ಮಾಡಲು ಈ ಪಟ್ಟಿ ನೆರವಾಗದು. 12ಕ್ಕೂ 150ಕ್ಕೂ ನಡುವೆ ಏನೋ ಇದೆ ಎಂದು ಮಾತ್ರ ಅದು ನಂಬಿಕೆಯಿಂದ ಹೇಳಬಲ್ಲದು.

ಅಂಕಿ ಕೊಡುವವರೇ ಪರೀಕ್ಷೆ ಬರೆಯುವವರೂ ಆದಾಗ ಏನಾಗಬಹುದೆಂಬುದನ್ನು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯ ತೋರಿಸಿಕೊಟ್ಟಿತು. ಯು.ಎಸ್. ನ್ಯೂಸ್ ಪಟ್ಟಿಯಲ್ಲಿ ಎರಡನೇ ಸ್ಥಾನದಲ್ಲಿದ್ದ ಅದರ ಅಂಕಿಗಳು ಸರಿಯಿಲ್ಲವೆಂದು 2022ರ ಆರಂಭದಲ್ಲಿ ಅಲ್ಲಿಯದೇ ಗಣಿತ ಪ್ರಾಧ್ಯಾಪಕ ಮೈಕೆಲ್ ಥಾಡಿಯಸ್ ಲೆಕ್ಕ ಸಮೇತ ತೋರಿಸಿದರು. ಕೆಲವು ಅಂಕಿಗಳು ತಪ್ಪಿದ್ದವೆಂದು ವಿಶ್ವವಿದ್ಯಾನಿಲಯ ಒಪ್ಪಿಕೊಂಡಿತು. ಅದೇ ಸೆಪ್ಟೆಂಬರಿನಲ್ಲಿ ಅದರ ಸ್ಥಾನ 18ಕ್ಕೆ ಇಳಿಯಿತು. ನಮ್ಮಲ್ಲೂ ಮುಂಬಯಿ, ದೆಹಲಿ, ಮದ್ರಾಸ್ ಸೇರಿದಂತೆ ಏಳು ಐಐಟಿಗಳು ಟೈಮ್ಸ್ ಪಟ್ಟಿಯ ಲೆಕ್ಕಾಚಾರ ಪಾರದರ್ಶಕವಾಗಿಲ್ಲವೆಂದು 2020ರಲ್ಲಿ ಅದರಿಂದ ದೂರ ಉಳಿಯುವುದಾಗಿ ಹೇಳಿದ್ದವು.

ಹಾಗಾದರೆ ಹೆಸರಿಗೆ ಬೆಲೆಯೇ ಇಲ್ಲವೇ? ಇದೆ. ಯಾರಿಗೆ ಎಷ್ಟು ಎಂಬುದೇ ಪ್ರಶ್ನೆ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ 2002ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನೆಯಬೇಕಾದ್ದು. 1976ರಲ್ಲಿ ಕಾಲೇಜು ಸೇರಿದವರನ್ನು ಅವರು ಹೋಲಿಸಿದರು. ದೊಡ್ಡ ಕಾಲೇಜಿನಲ್ಲಿ ಓದಿದವರು ಹೆಚ್ಚು ಗಳಿಸುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಅದು ಕಾಲೇಜಿನ ಪ್ರಭಾವವೋ, ಮೊದಲೇ ಚುರುಕಾದವರು ಅಲ್ಲಿಗೆ ಹೋಗುವುದರ ಫಲವೋ? ಇದನ್ನು ತಿಳಿಯಲು ಒಂದೇ ಬಗೆಯ ಕಾಲೇಜುಗಳಿಂದ ಪ್ರವೇಶ ಪಡೆದು, ಕೆಲವರು ದೊಡ್ಡದಕ್ಕೂ ಕೆಲವರು ಅಷ್ಟು ಹೆಸರಿಲ್ಲದ್ದಕ್ಕೂ ಹೋದವರನ್ನು ಜೋಡಿಸಿ ನೋಡಿದರು. ಮುಂದೆ ಅವರ ಸಂಪಾದನೆಯಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಆದರೆ ಈ ಅಧ್ಯಯನದಲ್ಲೂ ಅವರ ಮುಂದಿನ ಅಧ್ಯಯನದಲ್ಲೂ ಒಂದು ಅಪವಾದ ಕಂಡಿತು. ಬಡ ಮನೆಗಳಿಂದ, ಹೆಚ್ಚು ಓದಿರದ ತಂದೆತಾಯಿಯ ಮನೆಗಳಿಂದ ಬಂದವರಿಗೆ ದೊಡ್ಡ ಕಾಲೇಜಿನಿಂದ ನಿಜವಾಗಿಯೂ ಲಾಭವಾಗಿತ್ತು.

ಕಾರಣ ಊಹಿಸುವುದು ಕಷ್ಟವಲ್ಲ. ಮನೆಯಲ್ಲಿ ಡಾಕ್ಟರು, ಎಂಜಿನಿಯರು ಇರುವವನಿಗೆ ಪರಿಚಯದ ಜಾಲ ಹುಟ್ಟಿನಿಂದಲೇ ಬಂದಿರುತ್ತದೆ. ಇಲ್ಲದವನಿಗೆ ಅದನ್ನು ಕೊಡುವುದು ಕಾಲೇಜಿನ ಹೆಸರು, ಅಲ್ಲಿನ ಸಹಪಾಠಿಗಳು. ಅಮೆರಿಕದ ಲೆಕ್ಕವನ್ನು ಹಾಗೆಯೇ ತಂದು ಇಲ್ಲಿ ಹಚ್ಚಲಾಗದು. ಆದರೂ ಭದ್ರಾವತಿಯ ಕಾರ್ಮಿಕರ ವಸತಿಯಲ್ಲಿ ನಿಂತು ನೋಡಿದರೆ ಅದರ ಅರ್ಥ ಹೊಳೆಯುತ್ತದೆ. ಅಪ್ಪ ಕಾರ್ಖಾನೆಯಲ್ಲಿದ್ದರೆ ಮಗ ಐಟಿಐ ಮಾಡಿ ಅದೇ ಗೇಟಿನೊಳಗೆ ಹೋಗಬಹುದೆಂಬ ಭರವಸೆ ಒಂದು ಕಾಲಕ್ಕೆ ಅಲ್ಲಿತ್ತು. ಕಾಗದ ಕಾರ್ಖಾನೆ ಉತ್ಪಾದನೆ ನಿಲ್ಲಿಸಿ ವರ್ಷಗಳಾದವು. ಕಬ್ಬಿಣದ ಕಾರ್ಖಾನೆ ಮುಚ್ಚುವ ಮಾತು ಬಂದಾಗ 2023ರಲ್ಲಿ ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಅಂಥ ಮನೆಯ ಹುಡುಗಿಗೆ ಒಳ್ಳೆಯ ಸರ್ಕಾರಿ ಸಂಸ್ಥೆಯಲ್ಲಿ ಸೀಟು ಸಿಕ್ಕರೆ ‘ಹೆಸರಿನಲ್ಲೇನಿದೆ, ಇಲ್ಲೇ ಓದಲಿ’ ಎನ್ನುವುದು ಜಾಣತನವಲ್ಲ. ವಿಪರ್ಯಾಸವೆಂದರೆ ಹೆಸರು ಹೆಚ್ಚು ಉಪಯೋಗಕ್ಕೆ ಬರುವುದು ಯಾರಿಗೋ, ಬೆಂಗಳೂರಿನ ಹಾಸ್ಟೆಲ್ ಖರ್ಚು ಹೆಚ್ಚು ಭಾರವಾಗುವುದೂ ಅವರಿಗೇ. ಇತ್ತ ಅನುಕೂಲಸ್ಥರ ಮನೆಯಲ್ಲಿ ಮ್ಯಾನೇಜ್‌ಮೆಂಟ್ ಸೀಟಿಗೆ ಲಕ್ಷಗಟ್ಟಲೆ ಸುರಿದು ಕೊಳ್ಳುವ ಹೆಸರಿನಿಂದ ಆಗುವ ಹೆಚ್ಚಳ ಅಷ್ಟಕ್ಕಷ್ಟೇ.

ಮೇಲಿನ ಹಂತದ ಓದಿಗೆ ಹೋದಷ್ಟೂ ವಿಶ್ವವಿದ್ಯಾನಿಲಯದ ಹೆಸರಿಗಿಂತ ವಿಭಾಗದ ಹೆಸರು, ವಿಭಾಗಕ್ಕಿಂತ ಮಾರ್ಗದರ್ಶಕರ ಹೆಸರು ಮುಖ್ಯವಾಗುತ್ತದೆ. ಮೈಸೂರು ವಿಶ್ವವಿದ್ಯಾನಿಲಯದ ಬಿ.ಎಸ್ಸಿ., ಬನಾರಸಿನ ಎಂ.ಎಸ್ಸಿ. ಮುಗಿಸಿದ ಸಿ.ಎನ್.ಆರ್. ರಾವ್ ಅವರಿಗೆ 1953ರ ಸುಮಾರಿಗೆ ಖರಗಪುರದ ಐಐಟಿಯ ಜೊತೆಗೆ ಎಂಐಟಿ, ಕೊಲಂಬಿಯಾ, ಪೆನ್ ಸ್ಟೇಟ್, ಪರ್ಡ್ಯೂ ಈ ನಾಲ್ಕೂ ಕಡೆಯಿಂದ ಧನಸಹಾಯದೊಂದಿಗೆ ಕರೆ ಬಂದಿತ್ತು. ಇಂದಿನ ಯಾವ ಪಟ್ಟಿ ಹಿಡಿದರೂ ಎಂಐಟಿಯೇ ಮೇಲೆ. ಅವರು ಆರಿಸಿಕೊಂಡದ್ದು ಪರ್ಡ್ಯೂ. 1958ರಲ್ಲಿ ಡಾಕ್ಟರೇಟ್ ಪಡೆದು, 1959ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಅಧ್ಯಾಪಕರಾಗಿ ಬಂದರು. ಮುಂದೆ ಅದೇ ಸಂಸ್ಥೆಯ ನಿರ್ದೇಶಕರಾದರು, ಭಾರತರತ್ನ ಪಡೆದರು. ತೀರ್ಥಹಳ್ಳಿ ಸೀಮೆಯ ಯು.ಆರ್. ಅನಂತಮೂರ್ತಿಯವರು 1963ರಲ್ಲಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಹೋದದ್ದು ಆಕ್ಸ್‌ಫರ್ಡಿಗಲ್ಲ, ಕೈಗಾರಿಕಾ ನಗರವಾದ ಬರ್ಮಿಂಗ್‌ಹ್ಯಾಮಿಗೆ. ಅಲ್ಲಿ ಮಾರ್ಗದರ್ಶಕರಾಗಿ ಸಿಕ್ಕವರು ಕಾದಂಬರಿಕಾರ ಮಾಲ್ಕಮ್ ಬ್ರಾಡ್‌ಬರಿ. ಅವರೊಡನೆ ಇಂಗ್ಮಾರ್ ಬರ್ಗ್‌ಮನ್‌ನ ಚಿತ್ರವೊಂದನ್ನು ನೋಡಿ ಬಂದ ಮೇಲೆ ಹುಟ್ಟಿದ್ದು ‘ಸಂಸ್ಕಾರ’. ಯಾವ ರ‍್ಯಾಂಕ್ ಪಟ್ಟಿಯಲ್ಲೂ ಇದಕ್ಕೆ ಕಾಲಮ್ಮಿಲ್ಲ.

ನವುಲೆಯ ಕೃಷಿ ಕಾಲೇಜಿಗೆ ಬಂದರೆ ಹೋಲಿಕೆಯ ರೀತಿಯೇ ಬೇರೆ. ಎನ್‌ಐಆರ್‌ಎಫ್ ಕೃಷಿಗೆ ಪ್ರತ್ಯೇಕ ವಿಭಾಗ ತೆರೆದದ್ದೇ 2023ರಲ್ಲಿ. ವಿಶ್ವವಿದ್ಯಾನಿಲಯವೊಂದಕ್ಕೆ ಅಂಕ ಬಂದರೆ ಅದು ಅದರ ಎಲ್ಲ ಕಾಲೇಜುಗಳನ್ನೂ ಕೂಡಿಸಿ ಬಂದದ್ದು. ಹಳೆಯದಾದ ಬೆಂಗಳೂರು, ಧಾರವಾಡಗಳಿಗೆ ಹೆಸರಿನ ಬಲವಿದೆ, ನಿಜ. ಆದರೆ ಭತ್ತದ ಬೆಂಕಿರೋಗ, ಅಡಿಕೆಯ ಕೊಳೆರೋಗ ಕಲಿಯಬೇಕಾದವನಿಗೆ ಮಳೆ ಬೀಳುವ ನಾಡಿನ ತಾಕುಗಳೇ ಪಾಠದ ಕೋಣೆ.

ಪಟ್ಟಿಯಲ್ಲಿ ಉಪಯೋಗಕ್ಕೆ ಬರುವ ಭಾಗವೂ ಇದೆ, ಅದು ಸ್ಥಾನದ ಸಂಖ್ಯೆಯಲ್ಲ. ಎನ್‌ಐಆರ್‌ಎಫ್‌ಗೆ ಅರ್ಜಿ ಹಾಕುವ ಕಾಲೇಜುಗಳು ತಾವು ಕೊಟ್ಟ ಅಂಕಿಗಳನ್ನು ತಮ್ಮ ಜಾಲತಾಣದಲ್ಲಿ ಬಹಿರಂಗಪಡಿಸಬೇಕು. ಸೇರಿದವರಲ್ಲಿ ಎಷ್ಟು ಮಂದಿ ನಿಗದಿತ ಅವಧಿಯಲ್ಲಿ ಪಾಸಾದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಎಷ್ಟು ಮಂದಿ ಮುಂದಿನ ಓದಿಗೆ ಹೋದರು, ಸಂಬಳದ ಮಧ್ಯಾಂಕ ಎಷ್ಟು ಎಂಬುದು ಅದರಲ್ಲಿರುತ್ತದೆ. ಮಧ್ಯಾಂಕವೆಂದರೆ ಕೆಲಸ ಸಿಕ್ಕವರನ್ನೆಲ್ಲ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದಾಗ ಸರಿಯಾಗಿ ನಡುವೆ ನಿಂತವನ ಸಂಬಳ. ಜಾಹೀರಾತಿನ ಫಲಕದಲ್ಲಿ ಕಾಣುವುದು ಸಾಲಿನ ತುದಿಯಲ್ಲಿ ನಿಂತ ಒಬ್ಬನದು. ಒಬ್ಬನಿಗೆ 40 ಲಕ್ಷ ಸಿಕ್ಕ ಕಾಲೇಜಿನಲ್ಲಿ ನಡುವಿನವನಿಗೆ 4 ಲಕ್ಷ ಸಿಕ್ಕಿರಬಹುದು. ಮನೆಯ ಮಗು ನಡುವಿನವನಾಗುವ ಸಂಭವವೇ ಹೆಚ್ಚು.

ಇನ್ನುಳಿದದ್ದು ಪರೀಕ್ಷಾ ಪ್ರಾಧಿಕಾರದ ಆಪ್ಷನ್ ಎಂಟ್ರಿ. ಅಲ್ಲಿ ಕಾಲೇಜು ಮತ್ತು ಬ್ರಾಂಚನ್ನು ಇಷ್ಟದ ಕ್ರಮದಲ್ಲಿ ಬರೆಯಬೇಕು. ಗಣಕಯಂತ್ರ ರ‍್ಯಾಂಕಿನ ಪ್ರಕಾರ ಒಬ್ಬೊಬ್ಬರ ಪಟ್ಟಿಯನ್ನು ಮೇಲಿನಿಂದ ಓದುತ್ತ, ಖಾಲಿಯಿರುವ ಮೊದಲ ಸೀಟನ್ನು ಕೊಡುತ್ತದೆ. ಸಿಗುವುದಿಲ್ಲವೆಂಬ ಭಯದಿಂದ ನಿಜವಾಗಿ ಬೇಕಾದದ್ದನ್ನು ಕೆಳಗೆ ಬರೆಯುವ ಅಗತ್ಯವಿಲ್ಲ. ಮೇಲಿನದು ಸಿಗದಿದ್ದರೆ ಕೆಳಗಿನ ಅವಕಾಶಕ್ಕೆ ಧಕ್ಕೆಯಿಲ್ಲ. ನಷ್ಟವಾಗುವುದು ನೆಂಟರ ಮಾತಿಗೆ ಕಟ್ಟುಬಿದ್ದು ಬೇಡದ ಬ್ರಾಂಚಿನ ದೊಡ್ಡ ಹೆಸರನ್ನು ಮೇಲೆ ಬರೆದಾಗ. ಸೀಟು ಹಂಚಿಕೆಯಾದ ಮೇಲೆ ನಾಲ್ಕು ಆಯ್ಕೆಗಳಿರುತ್ತವೆ. ಒಂದನೆಯದು, ಸಿಕ್ಕಿದ್ದಕ್ಕೆ ಒಪ್ಪಿ ಸೇರುವುದು. ಎರಡನೆಯದು, ಸಿಕ್ಕಿದ್ದನ್ನು ಹಿಡಿದುಕೊಂಡೇ ಮೇಲಿನದಕ್ಕೆ ಕಾಯುವುದು. ಮೂರನೆಯದು, ಸಿಕ್ಕಿದ್ದನ್ನು ಬಿಟ್ಟು ಮುಂದಿನ ಸುತ್ತಿಗೆ ಕಾಯುವುದು. ನಾಲ್ಕನೆಯದು, ಹೊರನಡೆಯುವುದು. ಎರಡನೆಯದನ್ನು ಒತ್ತಿದವರು ಒಂದು ಸಂಗತಿ ಮರೆಯುತ್ತಾರೆ. ಮುಂದಿನ ಸುತ್ತಿನಲ್ಲಿ ಮೇಲೆ ಬರೆದದ್ದು ಯಾವುದು ಸಿಕ್ಕರೂ ಕೈಯಲ್ಲಿದ್ದ ಸೀಟು ತಾನಾಗಿಯೇ ರದ್ದಾಗುತ್ತದೆ. ಮರಳಿ ಕೇಳಿದರೆ ಸಿಗದು, ಅಷ್ಟರಲ್ಲಿ ಅದು ಬೇರೆಯವರ ಪಾಲಾಗಿರುತ್ತದೆ. ಹಾಗಾಗಿ ಮೊದಲ ಸುತ್ತು ಮುಗಿದ ರಾತ್ರಿ ಮತ್ತೊಮ್ಮೆ ಪಟ್ಟಿ ತೆಗೆದು, ಸಿಕ್ಕ ಸೀಟಿನ ಮೇಲೆ ಬರೆದ ಹೆಸರುಗಳನ್ನು ಒಂದೊಂದಾಗಿ ಓದಿ, ನಿಜವಾಗಿಯೂ ಇದು ಅದಕ್ಕಿಂತ ಬೇಕೇ ಎಂದು ಕೇಳಿಕೊಳ್ಳುವ ಮನೆಗಳೂ ಇವೆ. ಒಂದನೇ ಆಯ್ಕೆ ಒತ್ತಿದವರು ಶುಲ್ಕ ಕಟ್ಟಿ, ಪ್ರವೇಶಪತ್ರ ಮುದ್ರಿಸಿಕೊಂಡು, ಮೂಲ ದಾಖಲೆಗಳ ಫೈಲು ಹಿಡಿದು ಹೊರಡುತ್ತಾರೆ. ನವುಲೆಯಲ್ಲಿ ಸೀಟು ಸಿಕ್ಕ ಶಿವಮೊಗ್ಗದವರಿಗೆ ಅದು ಸಿಟಿ ಬಸ್ಸಿನ ದೂರ.